ಒಂಬತ್ತನೇ ಪ್ರಶ್ನೆಗೆ ಉತ್ತರ ಕೊಡುವವರು ಯಾರು?

ಮುಂಬೈ ಮಹಾನಗರದ ಎಲ್ಲ ಕಾಲೇಜುಗಳ ಪ್ರಾಂಶುಪಾಲರಿಗೆ, ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ವಿದ್ಯಾರ್ಥಿ ಕಲ್ಯಾಣದ ಹೊಣೆ ಹೊತ್ತ ಎಲ್ಲರಿಗೂ,

ಮಾನ್ಯರೇ,

ನಮಸ್ಕಾರ. ನಾನು ಡೊಂಬಿವಲಿಯಲ್ಲಿ ಇರುವವಳು. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ. ನಮ್ಮ ಅಪ್ಪ ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಅಕ್ಕ ಮದುವೆಯಾಗಿ ವಾಪಸ್ ಊರ ಕಡೆ ಹೋದಳು. ಅವಳ ಮಗಳು 2025ರ ಜುಲೈಯಲ್ಲಿ ಎಂ.ಎಸ್ಸಿ. ಓದಲು ಮುಂಬೈಗೆ ಬಂದಳು, ನಮ್ಮ ಮನೆಯಲ್ಲೇ ಉಳಿದಳು. ಈ ಪತ್ರ ಅವಳ ವಿಷಯ: ಮನಸ್ಸು ಕುಗ್ಗಿದಾಗ ಅವಳು ಕಾಲೇಜು ಕೊಟ್ಟ ಆ್ಯಪ್‌ನಲ್ಲಿ ಸಹಾಯ ಕೇಳಿದಳು, ಮಾತಾಡಿಸಲು ಯಾರೂ ಬರಲಿಲ್ಲ. ಅವಳಿಗೆ ಓದಿ ಹೇಳಿ, ಅವಳು ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ. ಎರಡು ಕಡೆ "ಇದು ಬೇಡ ಚಿಕ್ಕಮ್ಮ" ಅಂದಳು, ಅಷ್ಟನ್ನು ತೆಗೆದಿದ್ದೇನೆ. ಅವಳ ಕಾಲೇಜಿನ ಹೆಸರನ್ನೂ ಹಾಕಿಲ್ಲ. ಒಂದು ಕಾಲೇಜಿನ ಮೇಲೆ ಕಲ್ಲು ಎಸೆಯುವುದು ನನ್ನ ಉದ್ದೇಶ ಅಲ್ಲ. ಎಷ್ಟೋ ಕಾಲೇಜುಗಳಲ್ಲಿ ಹೀಗೇ ನಡೆಯುತ್ತಿದೆ ಅಂತ ನನ್ನ ಜೊತೆ ಲೋಕಲ್‌ನಲ್ಲಿ ಬರುವ ತಾಯಂದಿರು ಹೇಳುತ್ತಾರೆ.

ಹುಡುಗಿ ಚುರುಕು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬಂದ ಹೊಸತರಲ್ಲಿ ರಾತ್ರಿ ಅಡುಗೆ ಮನೆ ಕಟ್ಟೆಯ ಮೇಲೆ ಕೂತು ಲ್ಯಾಬಿನ ಕಥೆ ಎಲ್ಲಾ ಹೇಳುತ್ತಿದ್ದಳು. ಚೌತಿಗೆ ಊರಿಗೆ ಹೋಗಿ ಬಂದ ಮೇಲೆ ಮಾತು ಕಡಿಮೆಯಾಯ್ತು. ಬೆಳಿಗ್ಗೆ ಡಬ್ಬಿ ಕಟ್ಟಿ ಕೊಟ್ಟರೆ ಸಂಜೆ ಅರ್ಧ ಹಾಗೇ ವಾಪಸ್ ಬರುತ್ತಿತ್ತು. ಓದಿನ ಒತ್ತಡ ಇರಬೇಕು, ಟ್ರೇನಿನ ಆಯಾಸ ಇರಬೇಕು ಅಂತ ನಾನೂ ಬಿಟ್ಟೆ. ದಿನಾ ಮೂರು ಗಂಟೆ ಲೋಕಲ್‌ನಲ್ಲಿ ನಿಂತು ಹೋಗಿ ಬರುವ ಮಗುವಿಗೆ ಆಯಾಸ ಆಗದೆ ಇರುತ್ತದಾ? ಊರಿಗೆ ಫೋನ್ ಮಾಡಿದರೆ ಅಕ್ಕ "ಯಾರದ್ದೋ ದೃಷ್ಟಿ ತಾಗಿರಬೇಕು, ಉಪ್ಪು ಮೆಣಸು ನಿವಾಳಿಸು" ಅಂದಳು. ಅವಳನ್ನು ದೂರುವುದಿಲ್ಲ. ಅವಳಿಗೆ ಗೊತ್ತಿದ್ದ ಔಷಧ ಅದು.

ಆ ಹುಡುಗಿ ಸುಮ್ನೆ ಕೂತಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯ್ತು. ಅವಳು ಸಹಾಯ ಕೇಳಿದ್ದಳು. ನಿಮ್ಮಂಥವರು ತೋರಿಸಿದ ದಾರಿಯಲ್ಲೇ ಕೇಳಿದ್ದಳು.

ಕಾಲೇಜಿನ ಮೆಟ್ಟಿಲ ಹತ್ತಿರ ಒಂದು ಪೋಸ್ಟರ್ ಇದೆ. ನಗುವ ಹುಡುಗ ಹುಡುಗಿಯರ ಚಿತ್ರ, ಮಧ್ಯದಲ್ಲಿ ಕ್ಯೂಆರ್ ಕೋಡ್. ನಿಮ್ಮ ಮನಸ್ಸಿನ ಆರೈಕೆ ನೀವೇ ಮಾಡಿಕೊಳ್ಳಿ ಎಂಬ ಅರ್ಥದ ಸಾಲು ಇಂಗ್ಲಿಷಿನಲ್ಲಿ. ಫೋನ್ ಹಿಡಿದರೆ ಆ್ಯಪ್ ಇಳಿಯುತ್ತದೆ. ಅವಳು ಇಳಿಸಿಕೊಂಡಳು. ಮೊದಲಿಗೆ ಒಂಬತ್ತು ಪ್ರಶ್ನೆ ಬರುತ್ತವೆ. ಅದು ಪಿಎಚ್‌ಕ್ಯೂ-9 ಎಂಬ ಪಟ್ಟಿ, ಖಿನ್ನತೆ ಎಷ್ಟಿದೆ ಅಂತ ಅಳೆಯಲು ಜಗತ್ತಿನಲ್ಲೆಲ್ಲ ಡಾಕ್ಟರುಗಳು ಬಳಸುತ್ತಾರೆ ಅಂತ ಈಗ ನನಗೆ ಗೊತ್ತು. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲದೆ ಹೋಗಿತ್ತಾ, ನಿದ್ದೆ ಹೇಗೆ, ಊಟ ಹೇಗೆ ಅಂತ ಕೇಳುತ್ತಾ ಹೋಗುತ್ತದೆ. ಒಂಬತ್ತನೆಯದು ಕೊನೆಯ ಪ್ರಶ್ನೆ. ಬದುಕಿರುವುದಕ್ಕಿಂತ ಇಲ್ಲದಿರುವುದೇ ಮೇಲು ಅನ್ನುವ ಯೋಚನೆ ಬಂದಿತ್ತಾ ಅಂತ ಅದು ಕೇಳುತ್ತದೆ.

ಅವಳು "ಅರ್ಧಕ್ಕಿಂತ ಜಾಸ್ತಿ ದಿನ" ಎಂಬ ಉತ್ತರ ಒತ್ತಿದ್ದಳು.

ಆಮೇಲೆ ಏನು ಬಂತು ಅಂತ ಅವಳ ಫೋನಿನಲ್ಲೇ ನಾನು ನೋಡಿದೆ. ಒಂದು ನೀಲಿ ಬಣ್ಣದ ವೃತ್ತ. ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ. ಉಸಿರು ತೆಗೆದುಕೊಳ್ಳಿ, ಬಿಡಿ ಅನ್ನುತ್ತದೆ. ಅದು ಮುಗಿದ ಮೇಲೆ ಒಂದು ಚಿಕ್ಕ ನಕ್ಷತ್ರ ಕೊಟ್ಟು, ಇವತ್ತಿನ ಅಭ್ಯಾಸ ಮುಗಿಸಿದ್ದೀರಿ, ಅಭಿನಂದನೆ ಅನ್ನುತ್ತದೆ. ಸಹಾಯವಾಣಿಯ ನಂಬರ್ ಇತ್ತು, ಇಲ್ಲ ಅಂತ ಹೇಳುವುದಿಲ್ಲ. ಮೂಲೆಯ ಮೂರು ಗೆರೆ ಒತ್ತಿ, ಅದರೊಳಗೆ ಇನ್ನೊಂದು ಒತ್ತಿ, ಕೆಳಗಿನ ತನಕ ಜಾರಿಸಿದರೆ ಸಿಗುತ್ತಿತ್ತು. ನಾನು ಕನ್ನಡಕ ಹಾಕಿಕೊಂಡು, ಗಾಬರಿ ಇಲ್ಲದ ಹೊತ್ತಿನಲ್ಲಿ ಹುಡುಕಿದೆ. ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ಇಂಥ ಉತ್ತರವನ್ನು ಅವಳು ಒಂದು ಸಲ ಅಲ್ಲ, ಮೂರು ವಾರದಲ್ಲಿ ನಾಲ್ಕು ಸಲ ಕೊಟ್ಟಿದ್ದಳು. ನಾಲ್ಕು ಸಲವೂ ನೀಲಿ ವೃತ್ತವೇ ಬಂತು. ಯಾರೂ ಫೋನ್ ಮಾಡಲಿಲ್ಲ. ಯಾರೂ ಬಂದು "ಏನಮ್ಮ, ಹೇಗಿದ್ದೀಯ?" ಅಂತ ಕೇಳಲಿಲ್ಲ. "ಯಾರಾದ್ರೂ ನೋಡ್ತಾರೆ ಅಂದ್ಕೊಂಡಿದ್ದೆ" ಅಂದಳು ಹುಡುಗಿ. ಈ ಮಾತು ನನ್ನ ಎದೆಯಿಂದ ಇನ್ನೂ ಇಳಿದಿಲ್ಲ. ಅವಳು ಯಂತ್ರಕ್ಕೆ ಹೇಳುತ್ತಿದ್ದೇನೆ ಅಂದುಕೊಂಡಿರಲಿಲ್ಲ. ಕಾಲೇಜಿಗೆ ಹೇಳುತ್ತಿದ್ದೇನೆ ಅಂದುಕೊಂಡಿದ್ದಳು.

ನವೆಂಬರಿನ ಒಂದು ರಾತ್ರಿ, ಹನ್ನೊಂದರ ಮೇಲೆ, ನೀರು ಕುಡಿಯಲು ಎದ್ದೆ. ಅಡುಗೆ ಮನೆಯಲ್ಲಿ ಕತ್ತಲಲ್ಲಿ ಕೂತಿದ್ದಳು. ಲೈಟ್ ಹಾಕಿದರೂ ತಲೆ ಎತ್ತಲಿಲ್ಲ. "ಚಿಕ್ಕಮ್ಮ, ನಂಗೆ ಸಾಕಾಯ್ತ್" ಅಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಸಾಕಾಯ್ತು ಅನ್ನುವುದನ್ನು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಪಾತ್ರೆ ತಿಕ್ಕಿ ಸಾಕಾಯ್ತು, ಈ ಗರ್ದಿಯಲ್ಲಿ ನಿಂತು ಸಾಕಾಯ್ತು. ಬೇಜಾರು ಅನ್ನುವುದೂ ಹಾಗೇ. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡ ಅನ್ನಿಸಿದರೂ ಬೇಜಾರು. ನಮ್ಮ ಕರಾವಳಿಯವರು ಮಂಡೆಬಿಸಿ ಅನ್ನುತ್ತೇವೆ. ಬೆಳಗಾವಿ ಕಡೆಯ ಹುಡುಗ ತಲಿ ಕೆಟ್ಟೈತಿ ಅಂತಾನೆ. ಯಾವ ಸಾಕಾಯ್ತು ಬರೀ ಆಯಾಸದ್ದು, ಯಾವುದು ಅಪಾಯದ್ದು ಅಂತ ದನಿಯಲ್ಲಿ ಗೊತ್ತಾಗುತ್ತದೆ, ಮುಖದಲ್ಲಿ ಗೊತ್ತಾಗುತ್ತದೆ. ಆ ರಾತ್ರಿ ನನಗೆ ಗೊತ್ತಾಯ್ತು. ಇಂಗ್ಲಿಷಿನ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕು ಅಂದರೆ ಇದೆಲ್ಲ ಎಲ್ಲಿ ಹೋಗಬೇಕು? ಆ ಹುಡುಗಿಯ ಇಂಗ್ಲಿಷ್ ಕೆಮಿಸ್ಟ್ರಿಗೆ ಧಾರಾಳ ಸಾಕು. ಸಂಕಟ ಹೇಳಿಕೊಳ್ಳಲು ಅವಳಿಗೆ ಬರುವ ಭಾಷೆ ಕುಂದಾಪುರದ್ದು.

ನಾನು 14416ಕ್ಕೆ ಫೋನ್ ಮಾಡಿದೆ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಅದು. 2022ರ ಅಕ್ಟೋಬರ್ 10ರಂದು ಶುರುವಾಯ್ತು. ದಿನದ ಇಪ್ಪತ್ನಾಲ್ಕು ಗಂಟೆ, ದುಡ್ಡಿಲ್ಲದೆ, ಕನ್ನಡವೂ ಸೇರಿ 20 ಭಾಷೆಗಳಲ್ಲಿ ಮಾತಾಡುತ್ತಾರೆ. ನಮ್ಮ ಕಚೇರಿಯ ಲಿಫ್ಟಿನ ಪಕ್ಕ ಅಂಟಿಸಿದ್ದರು, ಅದಕ್ಕೇ ನೆನಪಿತ್ತು. ಕನ್ನಡದವರೇ ಸಿಕ್ಕರು. ಮೊದಲು ನನ್ನ ಹತ್ತಿರ, ಆಮೇಲೆ ಅವಳ ಹತ್ತಿರ ನಲವತ್ತು ನಿಮಿಷ ಮಾತಾಡಿದರು. ಈ ರಾತ್ರಿ ಅವಳನ್ನು ಒಬ್ಬಳೇ ಬಿಡಬೇಡಿ, ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದರು. ನಾನು ಅವಳ ಪಕ್ಕದಲ್ಲೇ ಚಾಪೆ ಹಾಕಿಕೊಂಡೆ. ಮರುದಿನ ರಜೆ ಹಾಕಿ ಆಸ್ಪತ್ರೆಯ ಮಾನಸಿಕ ಆರೋಗ್ಯದ ಓಪಿಡಿಗೆ ಹೋದೆವು. ಖಿನ್ನತೆ, ವಾಸಿಯಾಗುತ್ತದೆ ಅಂದರು ಡಾಕ್ಟರು. ಮಾತ್ರೆ ಕೊಟ್ಟರು, ವಾರಕ್ಕೊಮ್ಮೆ ಆಪ್ತ ಸಮಾಲೋಚಕಿಯ ಹತ್ತಿರ ಕಳಿಸಿದರು.

ಒಂದು ವಾರದ ಮೇಲೆ ನಾನು ಕಾಲೇಜಿಗೆ ಹೋದೆ. ಜಗಳ ಮಾಡುವುದಕ್ಕಲ್ಲ, ತಿಳಿಸುವುದಕ್ಕೆ. ಸಮಾಲೋಚನೆಯ ಕೋಣೆ ಎಲ್ಲಿ ಅಂತ ಕೇಳಿದೆ. ನೆಲಮಹಡಿಯ ಕೊನೆಯಲ್ಲಿ ಒಂದು ಬಾಗಿಲು ತೋರಿಸಿದರು. ಬೋರ್ಡ್ ಇತ್ತು, ಮಂಗಳವಾರ ಮತ್ತು ಶುಕ್ರವಾರ 2ರಿಂದ 4 ಅಂತ ಬರೆದಿತ್ತು. ಅವತ್ತು ಮಂಗಳವಾರ, ಎರಡೂವರೆ ಗಂಟೆ. ಬಾಗಿಲಿಗೆ ಬೀಗ. ಕಿಟಕಿಯಿಂದ ನೋಡಿದರೆ ಸುತ್ತಿಟ್ಟ ಆಟದ ಚಾಪೆಗಳು, ಒಂದು ಮುರಿದ ಕುರ್ಚಿ. ಸಮಾಲೋಚಕಿ ಬಿಟ್ಟು ಹೋಗಿ ಏಳು ತಿಂಗಳಾಗಿತ್ತಂತೆ. ಬೇರೆಯವರನ್ನು ತೆಗೆದುಕೊಳ್ಳಲಿಲ್ಲವಾ ಅಂದರೆ ಆಫೀಸಿನ ಗುಮಾಸ್ತರು "ಆ್ಯಪ್ ಆಹೇ ನಾ, ಮ್ಯಾಡಮ್" ಅಂದರು. ಒಳ್ಳೆಯ ಮನುಷ್ಯ, ಕುಡಿಯಲು ನೀರು ಕೊಟ್ಟರು. ಆ್ಯಪ್ ಇದೆಯಲ್ಲ, ಮತ್ತೇನು ಬೇಕು ಅಂತ ಅವರು ನಿಜವಾಗಿಯೂ ನಂಬಿದ್ದರು.

ಮಾನ್ಯರೇ, ನನ್ನ ದೂರು ಇಷ್ಟೇ. ಆ್ಯಪ್‌ನಂಥ ಸ್ವಸಹಾಯದ ಸಾಧನವನ್ನು ಕೊಟ್ಟದ್ದಕ್ಕಲ್ಲ. ಅದನ್ನು ಕೊಟ್ಟು ಮನುಷ್ಯರನ್ನು ತೆಗೆದದ್ದಕ್ಕೆ.

ಸ್ವಸಹಾಯ ಕೆಲಸಕ್ಕೆ ಬರುವುದಿಲ್ಲ ಅಂತ ನಾನು ಹೇಳಲಾರೆ, ಯಾಕಂದರೆ ಕಣ್ಣಾರೆ ನೋಡಿದ್ದೇನೆ. ಆ ನೀಲಿ ವೃತ್ತದ ಉಸಿರಾಟವನ್ನೇ ಈಗ ಅವಳು ಠಾಣೆ ಸ್ಟೇಷನ್ನಿನಲ್ಲಿ ಜನ ನುಗ್ಗುವಾಗ ಮಾಡುತ್ತಾಳೆ, ಎದೆ ಹೊಡೆದುಕೊಳ್ಳುವುದು ಕಡಿಮೆಯಾಗುತ್ತದೆ ಅನ್ನುತ್ತಾಳೆ. ಸಮಾಲೋಚಕಿ ಅವಳಿಗೆ ಒಂದು ಅಭ್ಯಾಸ ಕೊಟ್ಟಿದ್ದಾರೆ. ದಿನಕ್ಕೆ ಒಂದು ಚಿಕ್ಕ ಕೆಲಸ, ಮೊದಲೇ ಬರೆದಿಡಬೇಕು, ಮನಸ್ಸಿದ್ದರೂ ಇಲ್ಲದಿದ್ದರೂ ಮಾಡಬೇಕು, ಮಾಡಿದ ಮೇಲೆ ಹೇಗನ್ನಿಸಿತು ಅಂತ ಹತ್ತರಲ್ಲಿ ಅಂಕ ಹಾಕಬೇಕು. ಮನಸ್ಸು ಬಂದ ಮೇಲೆ ಕೆಲಸ ಅಂತ ಕಾದರೆ ಮನಸ್ಸು ಬರುವುದೇ ಇಲ್ಲ, ಕೆಲಸ ಮಾಡುತ್ತಾ ಮನಸ್ಸು ಬರುತ್ತದೆ ಅನ್ನುವುದು ಅದರ ಹಿಂದಿನ ವಿಚಾರ. ನಮ್ಮ ಫ್ರಿಜ್ಜಿನ ಮೇಲೆ ಆ ಹಾಳೆ ಇದೆ. ಮೊದಲ ದಿನದ ಕೆಲಸ "ಬಾಲ್ಕನಿಯ ಮಲ್ಲಿಗೆಗೆ ನೀರು". ಅಂಕ ಎರಡು. ಹನ್ನೆರಡನೇ ದಿನ "ಚಿಕ್ಕಮ್ಮನ ಜೊತೆ ನೀರ್ ದೋಸೆ ಹೊಯ್ಯುವುದು". ಅಂಕ ಆರು. ಇದೇ ಅಭ್ಯಾಸ ಆ ಆ್ಯಪ್‌ನಲ್ಲೂ ಇತ್ತು! ಅಲ್ಲಿ ಅವಳು ಎರಡು ದಿನ ಮಾಡಿ ಬಿಟ್ಟಿದ್ದಳು. ಇಲ್ಲಿ ಮಾಡುತ್ತಾಳೆ, ಯಾಕಂದರೆ ಬುಧವಾರ ಒಬ್ಬರು ಆ ಹಾಳೆ ನೋಡಿ "ಆರು ಹೇಗೆ ಬಂತು?" ಅಂತ ಕೇಳುತ್ತಾರೆ.

ಇದು ನಮ್ಮ ಮನೆಯ ಅನುಭವ ಮಾತ್ರ ಅಲ್ಲ. ಮನಸ್ಸಿನ ಆರೋಗ್ಯದ 93 ಆ್ಯಪ್‌ಗಳನ್ನು ನೋಡಿದ ಒಂದು ಅಧ್ಯಯನ 2019ರಲ್ಲಿ ಬಂತು. ಇಳಿಸಿಕೊಂಡವರಲ್ಲಿ ಹದಿನೈದನೇ ದಿನಕ್ಕೂ ತೆರೆಯುತ್ತಿದ್ದವರು ನೂರಕ್ಕೆ ಸುಮಾರು ನಾಲ್ಕು ಮಂದಿ. ನಮ್ಮ ಪಕ್ಕದ ಗೋವಾದಲ್ಲಿ ಸಂಗಾತ್ ಎಂಬ ಸಂಸ್ಥೆ 1996ರಿಂದ ಕೆಲಸ ಮಾಡುತ್ತಿದೆ. ಅವರ ತಂಡ ದೆಹಲಿಯ ಸರ್ಕಾರಿ ಶಾಲೆಗಳಲ್ಲಿ ಒಂದು ಪರೀಕ್ಷೆ ಮಾಡಿ ನೋಡಿತು. ತಮ್ಮ ಸಮಸ್ಯೆಯನ್ನು ತಾವೇ ಬಿಡಿಸಿಕೊಳ್ಳುವುದು ಹೇಗೆ ಅಂತ ತೋರಿಸುವ ಪುಟ್ಟ ಪುಸ್ತಕಗಳನ್ನು ಎಲ್ಲ ಮಕ್ಕಳಿಗೂ ಕೊಟ್ಟರು. ಅರ್ಧದಷ್ಟು ಮಕ್ಕಳಿಗೆ ಬರೀ ಪುಸ್ತಕ. ಉಳಿದವರಿಗೆ ಪುಸ್ತಕದ ಜೊತೆ ಒಬ್ಬ ಸಮಾಲೋಚಕರು. ದೊಡ್ಡ ಡಿಗ್ರಿಯ ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮಕ್ಕಳು ತಾವೇ ಇದು ನನ್ನ ಕಷ್ಟ ಅಂತ ಹೇಳಿಕೊಂಡ ಸಮಸ್ಯೆಗಳು ಜಾಸ್ತಿ ಕಡಿಮೆಯಾದದ್ದು ಸಮಾಲೋಚಕರು ಜೊತೆಗಿದ್ದವರಲ್ಲಿ. ಪುಸ್ತಕ ಅದೇ. ಜೊತೆಗೆ ಒಬ್ಬರಿದ್ದರು, ಅಷ್ಟೇ ವ್ಯತ್ಯಾಸ.

ನಮ್ಮ ಅಪ್ಪ ಹೇಳುತ್ತಿದ್ದರು. ಅವರು ಹಗಲೆಲ್ಲ ಹೋಟೆಲಿನಲ್ಲಿ ಕಪ್ ತೊಳೆದು ರಾತ್ರಿ ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದವರು. ಯಾವುದಾದರೂ ಹುಡುಗ ಮೂರು ದಿನ ಬರದಿದ್ದರೆ ಮಾಸ್ತರರು ನಾಲ್ಕನೇ ದಿನ ಹೋಟೆಲಿಗೇ ಬಂದು, ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು "ನಮ್ಮ ಹುಡುಗ ಎಲ್ಲಿ?" ಅಂತ ಕೇಳುತ್ತಿದ್ದರಂತೆ. ಜ್ವರವಾದರೆ ಜ್ವರ, ಊರ ನೆನಪಾದರೆ ಊರ ನೆನಪು, ಕೂತು ಮಾತಾಡಿಸಿ ಹೋಗುತ್ತಿದ್ದರು. ಆ ಮಾಸ್ತರರ ಹತ್ತಿರ ಇದ್ದದ್ದು ಒಂದು ಹಾಜರಿ ಪುಸ್ತಕ.

ಇನ್ನು ನಿಮ್ಮ ಮೇಲೆ ಏನು ಹೊಣೆ ಇದೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ 15 ಮಾರ್ಗಸೂಚಿಗಳು. ಸರ್ಕಾರ ಕಾನೂನು ಮಾಡುವ ತನಕ ಅವನ್ನು ಪಾಲಿಸಲೇಬೇಕು. ನೂರು ಅಥವಾ ಜಾಸ್ತಿ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಬೇಕು. ಎಲ್ಲ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ಟೆಲಿ-ಮಾನಸ್ ನಂಬರ್ ಹಾಸ್ಟೆಲಿನಲ್ಲಿ, ತರಗತಿಯಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಸಮಾಲೋಚಕರ ಬದಲಿಗೆ ಆ್ಯಪ್ ಇಟ್ಟರೂ ನಡೆಯುತ್ತದೆ ಅಂತ ಆ ತೀರ್ಪಿನಲ್ಲಿ ಇಲ್ಲ. ಆ ತೀರ್ಪು ಬಂದ ವಾರ ನಮ್ಮ ಹುಡುಗಿ ಹೊಸ ಬ್ಯಾಗ್ ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ನವೆಂಬರಿನಲ್ಲೂ ಕೋಣೆಗೆ ಬೀಗವೇ ಇತ್ತು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದ ಪ್ರಕಾರ 2022 ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು. ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ನಮ್ಮ ಮಹಾರಾಷ್ಟ್ರ. ಈ ಸಾಲನ್ನು ನಾನು ಸಲೀಸಾಗಿ ಬರೆದಿಲ್ಲ.

ಸಮಾಲೋಚಕರು ಸಿಗುವುದಿಲ್ಲ, ಹಣ ಇಲ್ಲ ಅಂತ ನೀವು ಹೇಳಬಹುದು. ಜನ ಕಡಿಮೆ ಇರುವುದು ನಿಜ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲೇ ಮಾನಸಿಕ ಕಾಯಿಲೆ ಇರುವ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ ಅಂತ ಗೊತ್ತಾಗಿತ್ತು. ಅದಕ್ಕೇ ಸ್ವಸಹಾಯಕ್ಕೂ ಒಂದು ಜಾಗ ಇದೆ ಅಂತ ನಾನು ಒಪ್ಪುತ್ತೇನೆ. ಪರೀಕ್ಷೆಯ ಹೆದರಿಕೆ, ನಿದ್ದೆ ಕೆಟ್ಟದ್ದು, ಹೊಸ ಊರಿನ ಒಂಟಿತನ, ಇಂಥದ್ದಕ್ಕೆ ಎಷ್ಟೋ ಮಕ್ಕಳಿಗೆ ಅದೇ ಸಾಕಾಗಬಹುದು. ಆದರೆ ಯಾವ ಮಗುವಿಗೆ ಅದು ಸಾಲದು ಅಂತ ನೋಡುವ ಕಣ್ಣು ಬೇಕಲ್ವಾ?

ಆದ್ದರಿಂದ ನನ್ನ ಮೊದಲ ವಿನಂತಿ ಒಂಬತ್ತನೇ ಪ್ರಶ್ನೆಯದ್ದು. ನಿಮ್ಮ ಕಾಲೇಜು ಕೊಡುವ ಯಾವುದೇ ಆ್ಯಪ್ ಆ ಪ್ರಶ್ನೆ ಕೇಳುವುದಾದರೆ, ಹೌದು ಅಂದ ಕೂಡಲೇ 14416 ಪರದೆಯ ತುಂಬ ಬರಲಿ, ಒಂದೇ ಒತ್ತಿಗೆ ಫೋನ್ ಹೋಗಲಿ. ಕಾಲೇಜಿನ ಒಬ್ಬರು ನಿನ್ನನ್ನು ಮಾತಾಡಿಸಬಹುದಾ ಅಂತ ಅಲ್ಲೇ ಕೇಳಲಿ. ಮಗು ಒಪ್ಪಿದರೆ ಅವತ್ತೇ ಒಬ್ಬರು ಮಾತಾಡಿಸಲಿ. ಆ ಒಬ್ಬರು ಯಾರು ಅಂತ ಹೆಸರು, ಮುಖ ಮಕ್ಕಳಿಗೆ ಮೊದಲ ವಾರದಲ್ಲೇ ಗೊತ್ತಿರಲಿ. ಇದಕ್ಕೆ ಏರ್ಪಾಡು ಮಾಡಲು ಆಗದಿದ್ದರೆ ದಯವಿಟ್ಟು ಆ ಪ್ರಶ್ನೆಯನ್ನು ಕೇಳಬೇಡಿ. ಕೇಳಿ ಸುಮ್ಮನಾದರೆ, ಹೇಳಿಕೊಂಡರೂ ಪ್ರಯೋಜನ ಇಲ್ಲ ಅಂತ ಆ ಮಗು ಅಂದುಕೊಳ್ಳುತ್ತದೆ. ನಮ್ಮವಳು ಹಾಗೇ ಅಂದುಕೊಂಡಿದ್ದಳು.

ಆ ಉತ್ತರಗಳು ಎಲ್ಲಿಗೆ ಹೋಗುತ್ತವೆ ಅಂತಲೂ ಮಕ್ಕಳಿಗೆ ಸರಳವಾಗಿ ತಿಳಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿಷಯದಲ್ಲಿ ಗುಟ್ಟು ಕಾಪಾಡುವ ಹಕ್ಕನ್ನು ಕೊಟ್ಟಿದೆ. ಅಂಕಪಟ್ಟಿಗೂ ಇದಕ್ಕೂ ಸಂಬಂಧ ಇರುವುದಿಲ್ಲ ಅನ್ನುವ ಭರವಸೆ ಇದ್ದರೆ ಮಕ್ಕಳು ನಿಜ ಹೇಳುತ್ತಾರೆ.

ಎರಡನೆಯದು ಭಾಷೆ. ಮುಂಬೈಯ ಒಂದು ತರಗತಿಯಲ್ಲಿ ಮರಾಠಿ, ಗುಜರಾತಿ, ಉರ್ದು, ತಮಿಳು, ತುಳು, ಕನ್ನಡ ಎಲ್ಲ ಕೂತಿರುತ್ತವೆ. ಎಲ್ಲ ಭಾಷೆಯ ಸಮಾಲೋಚಕರನ್ನು ಇಡಿ ಅಂತ ಕೇಳುತ್ತಿಲ್ಲ. ಸೇರುವಾಗ ತುಂಬಿಸುವ ಫಾರಂನಲ್ಲಿ ಒಂದು ಸಾಲು ಸೇರಿಸಿ: ಕಷ್ಟ ಬಂದರೆ ಯಾವ ಭಾಷೆಯಲ್ಲಿ ಮಾತಾಡಲು ನಿನಗೆ ಸುಲಭ? ಆಮೇಲೆ ಆ ಭಾಷೆ ಬಲ್ಲವರ ಹತ್ತಿರ ದಾರಿ ಮಾಡಿಕೊಡಿ. ಟೆಲಿ-ಮಾನಸ್ ಇದೆ. ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 2012ರಲ್ಲಿ ಶುರು ಮಾಡಿದ ಐಕಾಲ್ ಎಂಬ ಸಹಾಯವಾಣಿ ಇದೆ. ಸ್ವಸಹಾಯದ ಹಾಳೆಗಳನ್ನು ಕನ್ನಡಕ್ಕೆ ಮಾಡಿಕೊಡಲು ನಮ್ಮಂಥವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದೇವೆ. ದುಡ್ಡು ಬೇಡ, ಕರೆದರೆ ಬರುತ್ತೇವೆ.

ಕೋಣೆಯ ಬೀಗ ತೆಗೆಸಿ. ಸಮಯ ಬೆಳಿಗ್ಗೆ ಬೇಗ ಅಥವಾ ಮಧ್ಯಾಹ್ನ ಊಟದ ಹೊತ್ತಿಗೆ ಇಡಿ, ದೂರದ ಮಕ್ಕಳು ಸಂಜೆ ಟ್ರೇನ್ ಹಿಡಿಯಬೇಕು. ತರಬೇತಿ ಕೊಡುವಾಗ ಗೇಟಿನ ಕಾವಲುಗಾರರನ್ನು, ಕ್ಯಾಂಟೀನಿನವರನ್ನು, ಲೈಬ್ರರಿಯವರನ್ನು ಬಿಡಬೇಡಿ. ಊಟ ಬಿಟ್ಟ ಮಗುವನ್ನು ಮೊದಲು ನೋಡುವುದು ಕ್ಯಾಂಟೀನಿನ ಹುಡುಗ. ಗುರುತಿನ ಚೀಟಿಯ ಹಿಂದೆ 14416 ಅಂತ ಅಚ್ಚು ಹಾಕಿಸಿ.

ನಮ್ಮ ಹುಡುಗಿ ಈಗ ಗೆಲುವಾಗುತ್ತಿದ್ದಾಳೆ. ಪೂರ್ತಿ ಅಲ್ಲ, ಕೆಲವು ದಿನ ಇನ್ನೂ ಅಂಕ ಎರಡೇ. ಕಾಲೇಜಿಗೆ ವಾಪಸ್ ಹೋದ ಮೊದಲ ದಿನ ಒಂದು ಬಿಳಿ ಹಾಳೆಯಲ್ಲಿ ನೀಲಿ ಪೆನ್ನಿನಿಂದ 14416 ಅಂತ ದಪ್ಪಗೆ ಬರೆದು, ಕೆಳಗೆ ಇಂಗ್ಲಿಷ್, ಮರಾಠಿ, ಕನ್ನಡದಲ್ಲಿ "ಇಲ್ಲಿ ಮನುಷ್ಯರು ಮಾತಾಡುತ್ತಾರೆ" ಅಂತ ಸೇರಿಸಿ, ಆ ಪೋಸ್ಟರಿನ ಕ್ಯೂಆರ್ ಕೋಡಿನ ಕೆಳಗೆ ಅಂಟಿಸಿ ಬಂದಳು. ಯಾರ ಅನುಮತಿಯನ್ನೂ ಕೇಳಲಿಲ್ಲ. ಅದು ತಪ್ಪಾಗಿದ್ದರೆ ಅವಳ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಆದರೆ ಆ ಹಾಳೆಯನ್ನು ಕೀಳಿಸಬೇಡಿ. ನಿಮ್ಮ ನಿಮ್ಮ ಕಾಲೇಜಿನ ಪೋಸ್ಟರಿನ ಕೆಳಗೂ ಅಷ್ಟು ಜಾಗ ಇರುತ್ತದೆ.

ಮುಂದಿನ ಜೂನ್, ಜುಲೈಯಲ್ಲಿ ಹೊಸ ಮಕ್ಕಳು ಬರುತ್ತಾರೆ. ಅಷ್ಟರೊಳಗೆ ಏನು ಮಾಡಿದಿರಿ ಅಂತ ನಾಲ್ಕು ಸಾಲು ಬರೆದು ನಿಮ್ಮ ನೋಟಿಸ್ ಬೋರ್ಡಿನಲ್ಲಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಚಿಕ್ಕಮ್ಮ